ಕಾಗದದ ಮಾದರಿ ವಿಮಾನ: ಬ್ರಿಸ್ಟಲ್ ಬ್ಯೂಫೈಟರ್‌ನ ನಿದರ್ಶನ

ನಿಜವಾದ ವಿಮಾನವೊಂದರ ಎಲ್ಲ ಅಳತೆಗಳನ್ನು ಒಂದೇ ಪ್ರಮಾಣದಲ್ಲಿ ಕುಗ್ಗಿಸಿ, ಅದರ ಮೈಯನ್ನು ಚಪ್ಪಟೆ ತುಂಡುಗಳಾಗಿ ಬಿಡಿಸಿ, ಹಾಳೆಯ ಮೇಲೆ ಮುದ್ರಿಸಿ, ಕತ್ತರಿಸಿ, ಬಾಗಿಸಿ, ಅಂಟಿಸಿ ಕಟ್ಟಿದ ಪ್ರತಿಕೃತಿಗೆ ಕಾಗದದ ಮಾದರಿ ವಿಮಾನ ಎನ್ನುತ್ತಾರೆ. ಮಕ್ಕಳು ಮಡಿಸಿ ಹಾರಿಸುವ ಕಾಗದದ ವಿಮಾನ ಇದಲ್ಲ. ಇದು ಹಾರುವುದಕ್ಕಾಗಿ ಮಾಡಿದ್ದೂ ಅಲ್ಲ. ಇಲ್ಲಿ ಮುಖ್ಯವಾದದ್ದು ಆಕಾರ ಮತ್ತು ಅಳತೆ. ಸಾಮಾನ್ಯವಾಗಿ ಈ ಕಲೆಯನ್ನು ಬಡವರ ಪ್ಲಾಸ್ಟಿಕ್ ಕಿಟ್ ಎಂದೋ ರಜೆಯ ದಿನಗಳ ಕೈಕೆಲಸ ಎಂದೋ ಬದಿಗಿಡುವುದುಂಟು. ಆದರೆ ಎರಡನೆಯ ಮಹಾಯುದ್ಧದ ಕಾಲದ ಲೋಹದ ವಿಮಾನಗಳನ್ನು ಕಟ್ಟಿದ ಬಗೆಯನ್ನೂ ಕಾಗದದ ಮಾದರಿಯನ್ನು ಕಟ್ಟುವ ಬಗೆಯನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಬೇರೆಯೇ ಒಂದು ತೀರ್ಮಾನಕ್ಕೆ ಬರಬೇಕಾಗುತ್ತದೆ. ಕಾಗದದ ಮಾದರಿ ವಿಮಾನದ ಹೊರರೂಪವನ್ನು ಮಾತ್ರ ಅನುಕರಿಸುವುದಿಲ್ಲ, ಅದನ್ನು ತಯಾರಿಸಿದ ಕ್ರಮವನ್ನೂ ಅನುಕರಿಸುತ್ತದೆ. ಚಪ್ಪಟೆ ಹಾಳೆಯಿಂದ ಗಟ್ಟಿಯಾದ, ಟೊಳ್ಳಾದ, ಹಗುರವಾದ ಒಡಲನ್ನು ಕಟ್ಟುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಕಾರ್ಖಾನೆಯ ಎಂಜಿನಿಯರನೂ ಕಾಗದದ ಮಾದರಿಕಾರನೂ ಎದುರಿಸುತ್ತಾರೆ. ಎರಡು ಎಂಜಿನ್ನಿನ ಭಾರಿ ಫೈಟರ್ ವಿಮಾನದಲ್ಲಿ ಈ ಪ್ರಶ್ನೆ ಹೆಚ್ಚು ಕಠಿಣವಾಗುವುದರಿಂದ, ಆ ವರ್ಗದ ಬ್ರಿಟಿಷ್ ವಿಮಾನವಾದ ಬ್ರಿಸ್ಟಲ್ ಬ್ಯೂಫೈಟರನ್ನು ನಿದರ್ಶನವಾಗಿ ಇಟ್ಟುಕೊಂಡು ಇಲ್ಲಿ ವಿಷಯವನ್ನು ವಿವರಿಸಲಾಗಿದೆ.

ಹಿನ್ನೆಲೆ

ಕತ್ತರಿಸಿ ಅಂಟಿಸುವ ಮುದ್ರಿತ ಹಾಳೆಗಳ ಚರಿತ್ರೆ ವಿಮಾನಕ್ಕಿಂತ ಹಳೆಯದು. ಹತ್ತೊಂಬತ್ತನೆಯ ಶತಮಾನದಲ್ಲಿ ಕಲ್ಲಚ್ಚಿನ ಮುದ್ರಣ ಅಗ್ಗವಾದಂತೆ ಫ್ರಾನ್ಸ್‌ನ ಎಪಿನಾಲ್ ಊರಿನ ಪೆಲ್ಲೆರಿನ್ ಮುದ್ರಣಾಲಯ ಮತ್ತು ಜರ್ಮನಿಯ ಎಸ್ಲಿಂಗೆನ್‌ನಲ್ಲಿ 1831ರಲ್ಲಿ ಆರಂಭವಾದ ಶ್ರೈಬರ್ ಪ್ರಕಾಶನ ಇಂಥ ಹಾಳೆಗಳಿಗೆ ಹೆಸರಾದವು. ಕೋಟೆ, ಚರ್ಚು, ಹಡಗುಗಳ ಸಾಲಿಗೆ ಇಪ್ಪತ್ತನೆಯ ಶತಮಾನದಲ್ಲಿ ವಿಮಾನವೂ ಸೇರಿತು. ಮಹಾಯುದ್ಧದ ಕಾಲದಲ್ಲಿ ಲೋಹ, ರಬ್ಬರ್, ಬಾಲ್ಸಾ ಮರ ಎಲ್ಲವೂ ಸೇನೆಯ ಪಾಲಾದಾಗ ಆಟಿಕೆ ತಯಾರಕರ ಕೈಗೆ ಉಳಿದದ್ದು ಕಾಗದ ಮತ್ತು ರಟ್ಟು. ಅದೇ ಕಾಲದಲ್ಲಿ ಮಾದರಿ ವಿಮಾನಕ್ಕೆ ಆಟಿಕೆಯಾಚೆಯ ಉಪಯೋಗವೂ ಬಂತು. 1942ರಲ್ಲಿ ಅಮೆರಿಕದ ನೌಕಾಪಡೆ, ವಿಮಾನಗಳನ್ನು ಗುರುತಿಸುವ ತರಬೇತಿಗಾಗಿ, ಶಾಲಾ ವಿದ್ಯಾರ್ಥಿಗಳಿಂದ 5 ಲಕ್ಷ ಮರದ ಮಾದರಿಗಳನ್ನು ಮಾಡಿಸುವ ಯೋಜನೆ ಹಾಕಿಕೊಂಡಿತು. ಅವುಗಳ ಪ್ರಮಾಣ 1:72. ಈ ಪ್ರಮಾಣದ ಮಾದರಿಯನ್ನು 35 ಅಡಿ ದೂರದಿಂದ ನೋಡಿದರೆ ನಿಜವಾದ ವಿಮಾನವನ್ನು ಸುಮಾರು ಅರ್ಧ ಮೈಲಿಯಿಂದ ನೋಡಿದಂತಾಗುತ್ತದೆ. ಮಾದರಿ ಎಂಬುದು ಕಣ್ಣಿಗೆ ಪಾಠ ಕಲಿಸುವ ಸಾಧನ ಎಂದು ಒಂದು ಸರ್ಕಾರವೇ ಒಪ್ಪಿಕೊಂಡದ್ದಕ್ಕೆ ಈ ಯೋಜನೆ ಸಾಕ್ಷಿ.

ಯುದ್ಧದ ನಂತರ ಕಾಗದದ ವಿಮಾನ ಮಾದರಿ ಪ್ರೌಢವಾದದ್ದು ಪೂರ್ವ ಯುರೋಪಿನಲ್ಲಿ, ಅದರಲ್ಲೂ ಪೋಲೆಂಡಿನಲ್ಲಿ. ಅಲ್ಲಿ 1957ರಲ್ಲಿ ಆರಂಭವಾದ ‘ಮಾವಿ ಮೊಡೆಲಾಷ್’ ಪತ್ರಿಕೆಯ ಸಂಚಿಕೆಯೊಂದನ್ನು ಕೊಂಡರೆ ಒಂದು ಮಾದರಿಯ ಎಲ್ಲ ಹಾಳೆಗಳೂ ಕೈಗೆ ಬರುತ್ತಿದ್ದವು. ಪ್ಲಾಸ್ಟಿಕ್ ಕಿಟ್‌ಗಳು ಸುಲಭವಾಗಿ ಸಿಗದ ಸಮಾಜವಾದಿ ಅರ್ಥವ್ಯವಸ್ಥೆಯಲ್ಲಿ ಪತ್ರಿಕೆ ಅಂಗಡಿಯೇ ಮಾದರಿಕಾರನ ಅಂಗಡಿಯಾಯಿತು. ಜೆಕೊಸ್ಲೊವಾಕಿಯಾದಲ್ಲಿ ಅದೇ ವರ್ಷ ಹೊರಟ ‘ಎಬಿಸಿ’ ಎಂಬ ಮಕ್ಕಳ ಪತ್ರಿಕೆಯೂ ಇಂಥದೇ ಪರಂಪರೆ ಬೆಳೆಸಿತು. ಕಾಗದದ ವಿಮಾನಗಳಿಗೆ 1:33 ಎಂಬ ಪ್ರಮಾಣ ಪೋಲೆಂಡಿನಲ್ಲಿ ರೂಢಿಗೆ ಬಂದು ನೆರೆಯ ದೇಶಗಳಿಗೂ ಹರಡಿತು. ಪ್ಲಾಸ್ಟಿಕ್ ಕಿಟ್‌ಗಳಲ್ಲಿ ಸಾಮಾನ್ಯವಾದ 1:72 ಮತ್ತು 1:48ಕ್ಕಿಂತ ಇದು ದೊಡ್ಡದು. 1990ರ ದಶಕದಲ್ಲಿ ಅರ್ಥವ್ಯವಸ್ಥೆ ತೆರೆದುಕೊಂಡು ಪ್ಲಾಸ್ಟಿಕ್ ಕಿಟ್‌ಗಳು ಧಾರಾಳವಾಗಿ ಬಂದ ಮೇಲೆ ಕಾಗದದ ಮಾದರಿ ಸಾಯಬೇಕಿತ್ತು. ಆದದ್ದು ಅದಕ್ಕೆ ತದ್ವಿರುದ್ಧ. ಹಲಿನ್ಸ್ಕಿ, ಜಿಪಿಎಂ ಮೊದಲಾದ ಖಾಸಗಿ ಪ್ರಕಾಶಕರು ಮುಂದೆ ಬಂದು ಇನ್ನಷ್ಟು ಸೂಕ್ಷ್ಮವಾದ, ಸಾವಿರಾರು ತುಂಡುಗಳವರೆಗೆ ಹೋಗುವ ಹಾಳೆಗಳನ್ನು ಹೊರತಂದರು. ಕೊರತೆಯಿಂದ ಹುಟ್ಟಿದ ಕಲೆ ಕೊರತೆ ನೀಗಿದ ಮೇಲೂ ಉಳಿದಿದೆ ಎಂದರೆ, ಅದರಲ್ಲಿ ಅಗ್ಗದ ಬೆಲೆಯ ಹೊರತಾದ ಗುಣವೊಂದು ಇದ್ದೇ ಇರಬೇಕು.

ಭಾರಿ ಫೈಟರ್ ಮತ್ತು ಬ್ಯೂಫೈಟರ್

1930ರ ದಶಕದ ಒಂದೇ ಎಂಜಿನ್ನಿನ ಫೈಟರ್ ವಿಮಾನಗಳಿಗೆ ವೇಗವಿತ್ತು, ದೂರ ಹೋಗುವ ಶಕ್ತಿ ಇರಲಿಲ್ಲ. ಬಹಳಷ್ಟು ಇಂಧನವನ್ನೂ ಭಾರವಾದ ತೋಪುಗಳನ್ನೂ ಒಟ್ಟಿಗೆ ಹೊರಬೇಕಾದರೆ ಎರಡು ಎಂಜಿನ್ ಬೇಕು ಎಂಬ ಲೆಕ್ಕದಿಂದ ಭಾರಿ ಫೈಟರ್ ಎಂಬ ವರ್ಗ ಹುಟ್ಟಿತು. 1936ರಲ್ಲಿ ಮೊದಲು ಹಾರಿದ ಜರ್ಮನಿಯ ಮೆಸ್ಸರ್‌ಸ್ಮಿಟ್ ಬಿಎಫ್ 110, 1939ರ ಜನವರಿಯಲ್ಲಿ ಹಾರಿದ ಅಮೆರಿಕದ ಲಾಕ್‌ಹೀಡ್ ಪಿ-38, ಜಪಾನಿನ ಕಾವಾಸಾಕಿ ಕಿ-45, ಡಚ್ಚರ ಫಾಕರ್ ಜಿ.1 ಇವೆಲ್ಲ ಈ ವರ್ಗದವು. 1940ರ ಬ್ರಿಟನ್ ಕದನದಲ್ಲಿ ಬಿಎಫ್ 110 ಹಗಲಿನ ಹೋರಾಟದಲ್ಲಿ ಚುರುಕಾದ ಒಂಟಿ ಎಂಜಿನ್ನಿನ ವಿಮಾನಗಳ ಮುಂದೆ ನಿಲ್ಲಲಾರದೆ ಹೋಯಿತು. ಆದರೆ ರಾತ್ರಿಯ ಹೋರಾಟಕ್ಕೆ ಇಂಥ ವಿಮಾನವೇ ತಕ್ಕದ್ದು ಎಂದು ಬೇಗನೆ ತಿಳಿಯಿತು. ಆ ಕಾಲದ ರೇಡಾರ್ ಉಪಕರಣ ಭಾರವಾದದ್ದು. ಅದನ್ನು ನೋಡಿಕೊಳ್ಳಲು ಪೈಲಟ್ ಅಲ್ಲದೆ ಇನ್ನೊಬ್ಬ ಬೇಕು. ಇಬ್ಬರಿಗೂ ರೇಡಾರಿಗೂ ತೋಪುಗಳಿಗೂ ಜಾಗವಿದ್ದದ್ದು ಎರಡು ಎಂಜಿನ್ನಿನ ವಿಮಾನದಲ್ಲಿ ಮಾತ್ರ.

ಬ್ಯೂಫೈಟರ್ ಹುಟ್ಟಿದ್ದು ಆತುರದಲ್ಲಿ. ವೆಸ್ಟ್‌ಲ್ಯಾಂಡ್ ಕಂಪನಿಯ ವರ್ಲ್‌ವಿಂಡ್ ಎಂಬ ಎರಡು ಎಂಜಿನ್ನಿನ ಫೈಟರ್ ತಡವಾಗುತ್ತಿದ್ದಾಗ, 1938ರಲ್ಲಿ ಫಿಲ್ಟನ್‌ನ ಬ್ರಿಸ್ಟಲ್ ಏರೋಪ್ಲೇನ್ ಕಂಪನಿ ಒಂದು ಸಲಹೆ ಮುಂದಿಟ್ಟಿತು. ತನ್ನ ಬ್ಯೂಫೋರ್ಟ್ ಎಂಬ ಟಾರ್ಪಿಡೊ ಬಾಂಬರಿನ ರೆಕ್ಕೆ, ಬಾಲ, ಚಕ್ರಗಳ ಕಾಲು, ಒಡಲಿನ ಹಿಂಭಾಗ ಇವುಗಳನ್ನು ಬಹುಮಟ್ಟಿಗೆ ಹಾಗೆಯೇ ಬಳಸಿಕೊಂಡು, ಒಡಲಿನ ಮುಂಭಾಗ ಮತ್ತು ಎಂಜಿನ್‌ಗಳನ್ನು ಮಾತ್ರ ಹೊಸದಾಗಿ ಇಟ್ಟು ಫೈಟರ್ ಮಾಡಬಹುದು ಎಂಬುದು ಆ ಸಲಹೆ. ವಿಮಾನದ ವಿನ್ಯಾಸದ ಹೊಣೆ ಲೆಸ್ಲಿ ಫ್ರೈಸ್ ಅವರದು. ಎಂಜಿನ್ ರಾಯ್ ಫೆಡನ್ ಅವರ ವಿಭಾಗದ ಹರ್ಕ್ಯುಲಿಸ್, ಹದಿನಾಲ್ಕು ಸಿಲಿಂಡರುಗಳು ಎರಡು ವರ್ತುಲಗಳಲ್ಲಿ ಜೋಡಣೆಯಾದ, ಗಾಳಿಯಿಂದ ತಂಪಾಗುವ ಯಂತ್ರ. ವರ್ಷ ತುಂಬುವ ಮೊದಲೇ, 1939ರ ಜುಲೈ 17ರಂದು, ಮೊದಲ ವಿಮಾನ ಹಾರಿತು. ನಾಲ್ಕು 20 ಮಿ.ಮೀ. ತೋಪುಗಳು ಒಡಲಿನ ನೆಲದಡಿಯಲ್ಲಿ. ಮುಂದೆ ಬಹುತೇಕ ವಿಮಾನಗಳಲ್ಲಿ ಬಲರೆಕ್ಕೆಗೆ ನಾಲ್ಕು, ಎಡರೆಕ್ಕೆಗೆ ಎರಡು ಮಷೀನ್ ಗನ್ನುಗಳೂ ಬಂದವು. ಬ್ರಿಟನ್ ಮತ್ತು ಆಸ್ಟ್ರೇಲಿಯಾಗಳಲ್ಲಿ ಒಟ್ಟು 5,900ಕ್ಕೂ ಹೆಚ್ಚು ಬ್ಯೂಫೈಟರ್‌ಗಳು ತಯಾರಾದವು. ಭಾರತದ ಆಕಾಶದಲ್ಲೂ ಇದು ಹೋರಾಡಿದೆ. 1943ರ ಜನವರಿ 15ರ ರಾತ್ರಿ ಕಲ್ಕತ್ತೆಯ ಮೇಲೆ ಬಂದ ಜಪಾನಿ ಬಾಂಬರುಗಳಲ್ಲಿ ಮೂರನ್ನು ಡಮ್‌ಡಮ್‌ನಿಂದ ಏರಿದ 176ನೆಯ ಸ್ಕ್ವಾಡ್ರನ್ನಿನ ಒಂದೇ ಬ್ಯೂಫೈಟರ್ ಹೊಡೆದುರುಳಿಸಿತು. ಬರ್ಮಾದ ರೈಲು ಮತ್ತು ನದಿ ಸಾರಿಗೆಯ ಮೇಲೂ ಈ ವಿಮಾನಗಳು ದಾಳಿ ಮಾಡಿದವು.

ಈ ಚರಿತ್ರೆ ಮಾದರಿಕಾರನಿಗೆ ನೇರವಾಗಿ ಸಂಬಂಧಿಸಿದ್ದು. ಒಂದು ವಿಮಾನದ ಹಿಂಭಾಗಕ್ಕೆ ಹೊಸ ಮುಂಭಾಗ ಕೂಡಿಸಿದ್ದರಿಂದ ಬ್ಯೂಫೈಟರಿನ ಆಕಾರವೇ ವಿಚಿತ್ರ: ಮೊಂಡು ಮೂಗು ಪ್ರೊಪೆಲ್ಲರುಗಳಿಗಿಂತ ಹಿಂದೆ ಇದೆ, ಎಂಜಿನ್‌ಗಳು ಒಡಲಿಗೆ ಸರಿಸಾಟಿಯಾಗುವಷ್ಟು ದಪ್ಪ, ಪೈಲಟ್ ಮುಂದೆ ಒಬ್ಬನೇ, ಸಹಾಯಕ ಒಡಲಿನ ನಡುವೆ ಬೇರೆಯೇ ಗಾಜಿನ ಗುಮ್ಮಟದಡಿ. ಹರ್ಕ್ಯುಲಿಸ್ ಎಂಜಿನ್‌ಗಳಿಗೆ ಬೇರೆಡೆ ಬೇಡಿಕೆ ಇದ್ದುದರಿಂದ ಎರಡನೆಯ ಮಾರ್ಕಿಗೆ, ಅಂದರೆ ಎರಡನೆಯ ಆವೃತ್ತಿಗೆ, ಉದ್ದನೆಯ ಮರ್ಲಿನ್ ಎಂಜಿನ್‌ಗಳು ಬಂದವು. ಹಾರಾಟದಲ್ಲಿ ಮೂಗು ಮೇಲೆ-ಕೆಳಗೆ ತೂಗುವ ದೋಷ ನೀಗಿಸಲು ಮೊದಲು ಚಪ್ಪಟೆಯಾಗಿದ್ದ ಬಾಲದ ಅಡ್ಡರೆಕ್ಕೆಯನ್ನು ಮುಂದಿನ ಮಾರ್ಕುಗಳಲ್ಲಿ 12 ಡಿಗ್ರಿ ಮೇಲಕ್ಕೆ ಓರೆ ಮಾಡಲಾಯಿತು. ಸೆಂಟಿಮೀಟರ್ ಅಲೆಯ ರೇಡಾರ್ ಬಂದಾಗ ಮೂಗಿಗೆ ದುಂಡನೆಯ ಟೋಪಿ ಬಂತು. ಪ್ಲಾಸ್ಟಿಕ್ ಕಿಟ್ಟಿನಲ್ಲಿ ಇವು ಬೇರೆ ಬೇರೆ ಅಚ್ಚುಗಳು. ಕಾಗದದಲ್ಲಿ ಇವು ಬೇರೆ ಬೇರೆ ಲೆಕ್ಕಗಳು.

ಹಾಳೆಯ ಜ್ಯಾಮಿತಿ

ಕಾಗದವನ್ನು ಒಂದು ದಿಕ್ಕಿಗೆ ಎಷ್ಟು ಬೇಕಾದರೂ ಬಾಗಿಸಬಹುದು. ಆದರೆ ಒಂದೇ ಜಾಗದಲ್ಲಿ ಎರಡು ದಿಕ್ಕಿಗೂ ಬಾಗಿಸಲು ಹೋದರೆ ಅದು ಸುಕ್ಕಾಗುತ್ತದೆ ಇಲ್ಲವೇ ಹರಿಯುತ್ತದೆ. ಇದು ಕಾಗದದ ದೌರ್ಬಲ್ಯವಲ್ಲ, ಹಿಗ್ಗದ ಎಲ್ಲ ಹಾಳೆಗಳ ಸ್ವಭಾವ. ಹಿಗ್ಗಿಸದೆ, ಕುಗ್ಗಿಸದೆ ಬಾಗಿಸಿದ ಮೇಲ್ಮೈಯ ಸಹಜ ವಕ್ರತೆ ಬದಲಾಗುವುದಿಲ್ಲ ಎಂದು ಜರ್ಮನ್ ಗಣಿತಜ್ಞ ಗೌಸ್ 1827ರಲ್ಲಿ ಸಾಧಿಸಿದ. ಚಪ್ಪಟೆ ಹಾಳೆಯ ಸಹಜ ವಕ್ರತೆ ಸೊನ್ನೆ. ಆದ್ದರಿಂದ ಅದು ಸಿಲಿಂಡರ್ ಆಗಬಲ್ಲದು, ಶಂಕು ಆಗಬಲ್ಲದು, ಗೋಳ ಆಗಲಾರದು. ಮುತ್ತುಗದ ಎಲೆಯಲ್ಲಿ ದೊನ್ನೆ ಕಟ್ಟುವವರು ಎಲೆಯನ್ನು ಹಿಗ್ಗಿಸುವುದಿಲ್ಲ, ಮಡಿಸಿ ಕಡ್ಡಿ ಚುಚ್ಚುತ್ತಾರೆ. ಅಡಿಕೆ ಹಾಳೆಯ ತಟ್ಟೆಗೆ ಮಾತ್ರ ಬಿಸಿ ಅಚ್ಚಿನ ಒತ್ತಡ ಬೇಕು. ಅಲ್ಯುಮಿನಿಯಂ ಹಾಳೆಗೂ ಇದೇ ಎರಡು ದಾರಿ. ಒಂದೇ ದಿಕ್ಕಿಗೆ ಬಾಗಿದ ಭಾಗವನ್ನು ಉರುಳೆಗಳ ನಡುವೆ ಹಾಯಿಸಿದರೆ ಸಾಕು. ಎರಡು ದಿಕ್ಕಿಗೂ ಬಾಗಿದ ಭಾಗವನ್ನು ನುರಿತ ಕೆಲಸಗಾರರು ಬಡಿದು ಹಿಗ್ಗಿಸಬೇಕು, ಇಲ್ಲವೇ ದೊಡ್ಡ ಪ್ರೆಸ್ಸಿನಲ್ಲಿ ಒತ್ತಬೇಕು. ಅದಕ್ಕೆ ಸಮಯವೂ ಹಣವೂ ಹೆಚ್ಚು. ಹೀಗಾಗಿ ಯುದ್ಧಕಾಲದ ವಿನ್ಯಾಸಕರು ಸಾಧ್ಯವಾದಲ್ಲೆಲ್ಲ ಒಂದೇ ದಿಕ್ಕಿನ ಬಾಗನ್ನು ಆರಿಸಿಕೊಂಡರು. ಬ್ಯೂಫೈಟರಿನ ಹಿಂದಕ್ಕೆ ಸಣ್ಣದಾಗುತ್ತ ಹೋಗುವ ಒಡಲು, ರೆಕ್ಕೆಗಳ ಬಹುಭಾಗ, ಎಂಜಿನ್ ಗೂಡಿನ ಹಿಂಬದಿ ಇವೆಲ್ಲ ಸಿಲಿಂಡರ್ ಇಲ್ಲವೇ ಶಂಕುವಿನ ತುಂಡುಗಳಿಗೆ ಹತ್ತಿರವಾದವು. ಲೋಹಕ್ಕೆ ಅಗ್ಗವಾದ ಆಕಾರವೇ ಕಾಗದಕ್ಕೂ ಸಾಧ್ಯವಾದ ಆಕಾರ.

ಉಳಿಯುವುದು ಮೂಗು, ಎಂಜಿನ್ ಕವಚದ ಮುಂಬಾಯಿ, ರೇಡಾರ್ ಟೋಪಿ, ರೆಕ್ಕೆಯ ತುದಿ, ಗಾಜಿನ ಗುಮ್ಮಟಗಳಂಥ ದುಂಡನೆಯ ಭಾಗಗಳು. ಇವನ್ನು ಕಾಗದದಲ್ಲಿ ಅಂದಾಜಿಸಲು ಎರಡು ಉಪಾಯಗಳಿವೆ. ತುದಿಯಿಂದ ಬುಡಕ್ಕೆ ಎಸಳು ಎಸಳಾಗಿ ಸೀಳುವುದು ಒಂದು. ಅಡ್ಡಲಾಗಿ ಉಂಗುರ ಉಂಗುರವಾಗಿ, ಅಂದರೆ ತಲೆ ಕತ್ತರಿಸಿದ ಶಂಕುಗಳಾಗಿ ಹೋಳು ಮಾಡುವುದು ಇನ್ನೊಂದು. ಎರಡರಲ್ಲಿ ಯಾವುದು ಮೇಲು ಎಂಬುದನ್ನು ಲೆಕ್ಕ ಹಾಕಿಯೇ ತೀರ್ಮಾನಿಸಬಹುದು. 20 ಮಿ.ಮೀ. ತ್ರಿಜ್ಯದ ಅರ್ಧಗೋಳವೊಂದನ್ನು ತೆಗೆದುಕೊಳ್ಳೋಣ. ಅದನ್ನು ಎಂಟು ಎಸಳುಗಳಲ್ಲಿ ಮಾಡಿದರೆ ಬುಡದ ವೃತ್ತ ಎಂಟು ಮೂಲೆಯ ಆಕೃತಿಯಾಗಿ, ಎಸಳಿನ ನಡುವೆ ಮೇಲ್ಮೈ ಸುಮಾರು 1.5 ಮಿ.ಮೀ. ಒಳಕ್ಕೆ ಕುಸಿಯುತ್ತದೆ. 1:33 ಪ್ರಮಾಣದಲ್ಲಿ ಇದು ನಿಜವಾದ ವಿಮಾನದ ಮೇಲೆ 5 ಸೆಂ.ಮೀ. ತಪ್ಪಿಗೆ ಸಮ. ಹದಿನಾರು ಎಸಳು ಮಾಡಿದರೆ ತಪ್ಪು ಕಾಲುಭಾಗಕ್ಕೆ, ಅಂದರೆ ಸುಮಾರು 0.4 ಮಿ.ಮೀ.ಗೆ ಇಳಿಯುತ್ತದೆ. ಇದೇ ನಿಖರತೆಯನ್ನು ಉಂಗುರಗಳ ಉಪಾಯದಲ್ಲಿ ಬರೀ ನಾಲ್ಕು ತುಂಡುಗಳಿಂದ ಪಡೆಯಬಹುದು. ಉಂಗುರದ ಅಡ್ಡಛೇದ ನಿಜವಾದ ವೃತ್ತವೇ ಆಗಿದ್ದು, ತಪ್ಪು ಪಕ್ಕನೋಟದಲ್ಲಿ ಮಾತ್ರ ಉಳಿಯುವುದೇ ಇದಕ್ಕೆ ಕಾರಣ. ಪೋಲಿಷ್ ಪರಂಪರೆಯ ವಿನ್ಯಾಸಕರು ಒಡಲು ಮತ್ತು ಎಂಜಿನ್ ಕವಚಗಳಿಗೆ ಉಂಗುರಗಳನ್ನೇ ನೆಚ್ಚಿ, ಎಸಳುಗಳನ್ನು ತೀರ ತುದಿಯ ಭಾಗಗಳಿಗೆ ಮೀಸಲಿಟ್ಟದ್ದರ ಹಿಂದೆ ಈ ತರ್ಕವಿದೆ.

ಉಂಗುರಗಳಿಂದ ಇನ್ನೊಂದು ಲಾಭವೂ ಉಂಟು. ನಿಜವಾದ ವಿಮಾನದ ಮೈಯೂ ಒಂದೇ ಹಾಳೆಯಲ್ಲ. ಅಲ್ಯುಮಿನಿಯಂ ಹಾಳೆಗಳ ಅಂಚುಗಳು ಒಳಗಿನ ಚೌಕಟ್ಟಿನ ಮೇಲೆ ಸೇರಿ, ಅಲ್ಲಿ ರಿವೆಟ್ಟುಗಳ ಸಾಲು ಬರುತ್ತದೆ. ಬಲ್ಲ ವಿನ್ಯಾಸಕ ಕಾಗದದ ಉಂಗುರಗಳ ಸಂಧಿಯನ್ನು ಆ ಗೆರೆಯ ಮೇಲೆಯೇ ಬರುವಂತೆ ಹೊಂದಿಸುತ್ತಾನೆ. ಹಾಗೆ ಮಾಡಿದಾಗ ಸಂಧಿ ಕಲೆಯಾಗಿ ಕಾಣದೆ ವಿವರವಾಗಿ ಕಾಣುತ್ತದೆ. ಹಾಳೆ ಮುಗಿದು ಇನ್ನೊಂದು ಆರಂಭವಾಗುವ ಜಾಗವನ್ನು ಫಿಲ್ಟನ್‌ನ ಕಾರ್ಖಾನೆ ಯಾವ ಕಾರಣಕ್ಕೆ ಆರಿಸಿತೋ ಕಾಗದದ ವಿನ್ಯಾಸಕನೂ ಅದೇ ಕಾರಣಕ್ಕೆ ಆರಿಸುತ್ತಾನೆ: ಒಳಗೆ ಆಧಾರವಿರುವುದು ಅಲ್ಲಿಯೇ, ಬಾಗು ಬದಲಾಗುವುದೂ ಅಲ್ಲಿಯೇ.

ಅಸ್ಥಿಪಂಜರ

ಬ್ಯೂಫೈಟರಿನ ಒಡಲು ಅಡ್ಡಚೌಕಟ್ಟುಗಳು, ಅವನ್ನು ಉದ್ದಕ್ಕೆ ಬೆಸೆಯುವ ಪಟ್ಟಿಗಳು ಮತ್ತು ಭಾರವನ್ನು ತಾನೂ ಹೊರುವ ಲೋಹದ ಚರ್ಮ ಇವುಗಳಿಂದ ಆದದ್ದು. ಕಾಗದದ ಮಾದರಿಯಲ್ಲಿ ಅಡ್ಡಚೌಕಟ್ಟಿನ ಕೆಲಸವನ್ನು 1 ಮಿ.ಮೀ. ದಪ್ಪದ ರಟ್ಟಿನ ಬಿಲ್ಲೆಗಳು ಮಾಡುತ್ತವೆ. ಒಡಲಿನ ಪ್ರತಿ ಉಂಗುರದ ಎರಡು ಬಾಯಿಗೂ ಒಂದೊಂದು ಬಿಲ್ಲೆ ಕೂತು, ಒಂದರ ಬಿಲ್ಲೆ ಮುಂದಿನದರ ಬಿಲ್ಲೆಗೆ ಅಂಟುವುದು ಒಂದು ಪದ್ಧತಿ. ಉಂಗುರಗಳ ಒಳಗೆ ತೆಳು ಪಟ್ಟಿ ಅಂಟಿಸಿ ಒಂದನ್ನೊಂದಕ್ಕೆ ಸೇರಿಸುವುದು ಇನ್ನೊಂದು. ಮೊದಲನೆಯದರಲ್ಲಿ ಗಟ್ಟಿತನ ಹೆಚ್ಚು, ಎರಡನೆಯದರಲ್ಲಿ ಸಂಧಿ ನುಣುಪು. ಬಿಲ್ಲೆ ಕತ್ತರಿಸುವಾಗ ಕಾಗದದ ದಪ್ಪವನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕೆಲಸ ಕೆಡುತ್ತದೆ. 0.2 ಮಿ.ಮೀ. ದಪ್ಪದ ಹಾಳೆಯನ್ನು ಸುತ್ತಿ ಉಂಗುರ ಮಾಡಿದಾಗ ಅದರ ಹೊರಸುತ್ತಿಗೂ ಒಳಸುತ್ತಿಗೂ ಸುಮಾರು 1.25 ಮಿ.ಮೀ. ವ್ಯತ್ಯಾಸ ಬರುತ್ತದೆ. ಉಂಗುರ ದೊಡ್ಡದಿರಲಿ ಚಿಕ್ಕದಿರಲಿ, ಈ ವ್ಯತ್ಯಾಸ ಅಷ್ಟೇ. ಹೊರಗಿನ ಅಳತೆಗೆ ಕತ್ತರಿಸಿದ ಬಿಲ್ಲೆ ಒಳಗೆ ಹಿಡಿಸುವುದಿಲ್ಲ. ಒತ್ತಿ ಕೂರಿಸಿದರೆ ಚರ್ಮ ಬಿಗಿದು, ಒಳಗಿನ ಬಿಲ್ಲೆಯ ಅಂಚು ಹೊರಗೆ ಮೂಡುತ್ತದೆ. ಬಿಲ್ಲೆಯ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ಇಳಿಸಿ, ಅಂಟಿಲ್ಲದೆ ಕೂರಿಸಿ ನೋಡಿ, ಆಮೇಲೆ ಅಂಟಿಸುವುದು ರೂಢಿ.

ಭಾರಿ ಫೈಟರ್ ಮಾದರಿಯ ನಿಜವಾದ ಪರೀಕ್ಷೆ ರೆಕ್ಕೆಯಲ್ಲಿದೆ. ಒಂಟಿ ಎಂಜಿನ್ನಿನ ವಿಮಾನದಲ್ಲಿ ರೆಕ್ಕೆಯನ್ನು ಒಡಲಿನ ಪಕ್ಕಕ್ಕೆ ಅಂಟಿಸಿ ಸುಧಾರಿಸಿಕೊಳ್ಳಬಹುದು. ಎರಡು ಎಂಜಿನ್ನಿನದರಲ್ಲಿ ಒಡಲು ಮತ್ತು ಎರಡು ಎಂಜಿನ್ ಗೂಡುಗಳು, ಹೀಗೆ ಮೂರು ದೇಹಗಳು ಒಂದಕ್ಕೊಂದು ಸಮಾನಾಂತರವಾಗಿ ನಿಲ್ಲಬೇಕು. ಬ್ಯೂಫೈಟರಿನ ರೆಕ್ಕೆಯ ಅಗಲ ಒಂದು ತುದಿಯಿಂದ ಇನ್ನೊಂದಕ್ಕೆ 17.63 ಮೀಟರ್, 1:33ರಲ್ಲಿ 534 ಮಿ.ಮೀ. ರೆಕ್ಕೆ ಬುಡದಲ್ಲಿ ಒಂದೇ ಒಂದು ಡಿಗ್ರಿ ತಪ್ಪಿದರೂ ತುದಿ ಸುಮಾರು 4.5 ಮಿ.ಮೀ. ಮೇಲೋ ಕೆಳಗೋ ಹೋಗುತ್ತದೆ. ಎರಡು ರೆಕ್ಕೆಗಳ ತಪ್ಪು ವಿರುದ್ಧ ದಿಕ್ಕಿನದಾದರೆ ವಿಮಾನ ವಾಲಿ ನಿಂತಂತೆ ಕಾಣುತ್ತದೆ. ಇದಕ್ಕೆ ಪರಿಹಾರ ನಿಜವಾದ ವಿಮಾನದಲ್ಲಿದ್ದದ್ದೇ. ರೆಕ್ಕೆಯ ನಡುಭಾಗವನ್ನು ಒಡಲಿನ ಮೂಲಕ ಹಾಯುವ ತೊಲೆಗಳ ಮೇಲೆ ಕಟ್ಟಿ, ಎಂಜಿನ್ ಗೂಡುಗಳನ್ನು ಅದೇ ತೊಲೆಗಳಿಗೆ ಬಿಗಿದು, ಓರೆಯಾಗಿ ಮೇಲೇರುವ ಹೊರರೆಕ್ಕೆಗಳನ್ನು ಆಮೇಲೆ ಜೋಡಿಸುವುದು. ಬ್ರಿಸ್ಟಲ್ ಕಂಪನಿ ಹೀಗೆ ಮಾಡಿದ್ದು ಭಾರ ಹೊರುವುದಕ್ಕೆ. ಮಾದರಿಕಾರ ಹೀಗೆ ಮಾಡುವುದು ನೇರ ನಿಲ್ಲಿಸುವುದಕ್ಕೆ. ಉದ್ದೇಶ ಬೇರೆಯಾದರೂ ಇಬ್ಬರೂ ಬಂದು ನಿಂತದ್ದು ಒಂದೇ ರಚನೆಗೆ. ರೆಕ್ಕೆಯನ್ನು ಮೇಲಿನ ಚಿಪ್ಪು, ಕೆಳಗಿನ ಚಿಪ್ಪು ಎಂದು ಎರಡು ಗಟ್ಟಿ ತುಂಡುಗಳಾಗಿ ಕೊಡುವ ಪ್ಲಾಸ್ಟಿಕ್ ಕಿಟ್ಟಿನಲ್ಲಿ ಈ ಪ್ರಶ್ನೆಯೇ ಹಲವು ಬಾರಿ ಏಳುವುದಿಲ್ಲ, ಆದ್ದರಿಂದ ಉತ್ತರವೂ ತಿಳಿಯುವುದಿಲ್ಲ.

ಕಟ್ಟುವ ಕ್ರಮ

ಚರ್ಮಕ್ಕೆ ಸಾಮಾನ್ಯವಾಗಿ ಚದರ ಮೀಟರಿಗೆ 160 ಗ್ರಾಂ ಆಸುಪಾಸಿನ ಕಾಗದ ಬಳಸುತ್ತಾರೆ. ಉಪಕರಣ ಫಲಕದ ಗುಂಡಿಗಳು, ಎಂಜಿನ್ನಿನ ಕೊಳವೆಗಳಂಥ ಸೂಕ್ಷ್ಮ ಭಾಗಗಳಿಗೆ ಇದಕ್ಕಿಂತ ತೆಳುವಾದದ್ದು ಬೇಕು. ಕಾಗದಕ್ಕೆ ನಾರಿನ ದಿಕ್ಕೊಂದಿದೆ. ನಾರಿನ ಉದ್ದಕ್ಕೆ ಸಮಾನಾಂತರವಾಗಿ ಸುತ್ತಿದರೆ ಕಾಗದ ನಯವಾಗಿ ಬಾಗುತ್ತದೆ, ಅಡ್ಡಲಾಗಿ ಸುತ್ತಿದರೆ ಮುರಿಮುರಿಯಾಗುತ್ತದೆ. ಆದ್ದರಿಂದ ಕತ್ತರಿಸುವ ಮೊದಲೇ ತುಂಡಿನ ದಿಕ್ಕು ನೋಡಿಕೊಳ್ಳಬೇಕು. ಮಡಿಸುವ ಗೆರೆಯನ್ನು ಮೊಂಡು ಮೊನೆಯಿಂದ ಸ್ಟೀಲ್ ಪಟ್ಟಿಯ ಆಸರೆಯಲ್ಲಿ ಒತ್ತಿ, ಬಾಗಬೇಕಾದ ತುಂಡನ್ನು ದುಂಡು ಕಡ್ಡಿಯ ಮೇಲೆ ಉಜ್ಜಿ ಮೊದಲೇ ಆಕಾರಕ್ಕೆ ತರಬೇಕು. ಅಂಟಿನ ಬಲದಿಂದ ಬಾಗಿಸಿ ಹಿಡಿದ ತುಂಡು ಇಂದಲ್ಲ ನಾಳೆ ಬಿಟ್ಟುಕೊಳ್ಳುತ್ತದೆ. ನೀರು ಬೆರೆತ ಬಿಳಿ ಅಂಟು, ನಮ್ಮಲ್ಲಿ ಫೆವಿಕಾಲ್ ಎಂದೇ ಕರೆಯುವಂಥದ್ದು, ಸಂಧಿಗೆ ಒಳ್ಳೆಯದು, ಆದರೆ ಅಗಲವಾದ ಮೇಲ್ಮೈಗೆ ಬಳಿದರೆ ಕಾಗದ ತೇವ ಹೀರಿ ಅಲೆಯೇಳುತ್ತದೆ. ಚರ್ಮವನ್ನು ರಟ್ಟಿಗೆ ಅಂಟಿಸುವಂಥ ಕಡೆ ನೀರಿಲ್ಲದ ಅಂಟನ್ನು ಬಳಸುವುದು ಇದಕ್ಕಾಗಿ. ಕತ್ತರಿಸಿದ ಅಂಚು ಬೆಳ್ಳಗೆ ಕಾಣುವುದರಿಂದ ಅದಕ್ಕೆ ಜಲವರ್ಣ ಹಚ್ಚಬೇಕು. ಚಕ್ರದ ಕಾಲು, ಆಂಟೆನಾಗಳಂಥ ಭಾರ ಹೊರುವ ಇಲ್ಲವೇ ತೀರ ತೆಳ್ಳನೆಯ ಭಾಗಗಳಿಗೆ ತಂತಿಯನ್ನೂ ಗಾಜಿನ ಗುಮ್ಮಟಗಳಿಗೆ ಪಾರದರ್ಶಕ ಹಾಳೆಯನ್ನೂ ಬಳಸುವುದನ್ನು ಈ ಕಲೆ ತಪ್ಪೆಂದು ಎಣಿಸುವುದಿಲ್ಲ.

ಕೆಲಸದ ಸರದಿಯೂ ಒಂದು ಪಾಠ. ಒಳಗಿನ ಕೋಣೆ ಮೊದಲು, ಅದನ್ನು ಮುಚ್ಚುವ ಚರ್ಮ ಆಮೇಲೆ. ಬ್ಯೂಫೈಟರಿನ ಒಡಲಿನ ಒಳಭಾಗವನ್ನೂ ಮಾಡುವವರಿಗೆ ಒಂದು ಸಂಗತಿ ತಾನಾಗಿ ತಿಳಿಯುತ್ತದೆ. ಮೊದಲ ವಿಮಾನಗಳ ತೋಪುಗಳಿಗೆ ಗುಂಡು ಬರುತ್ತಿದ್ದದ್ದು ತಲಾ 60 ಗುಂಡಿನ ಡ್ರಮ್ಮುಗಳಿಂದ. ಅವು ಖಾಲಿಯಾದರೆ ರೇಡಾರ್ ನೋಡುತ್ತಿದ್ದ ಸಹಾಯಕನೇ ಎದ್ದು ಬಂದು, ಕತ್ತಲಲ್ಲಿ, ಓಲಾಡುವ ವಿಮಾನದಲ್ಲಿ, ಆ ಭಾರದ ಡ್ರಮ್ಮುಗಳನ್ನು ಕೈಯಿಂದ ಬದಲಿಸಬೇಕಾಗಿತ್ತು. ಆತನ ಆಸನಕ್ಕೂ ತೋಪುಗಳಿಗೂ ನಡುವಿನ ಇಕ್ಕಟ್ಟಾದ ದಾರಿಯನ್ನು ಕತ್ತರಿಸಿ ಕೂರಿಸಿದಾಗ ಈ ವ್ಯವಸ್ಥೆ ಎಷ್ಟು ಕಷ್ಟದ್ದು ಎಂಬುದು ಅಳತೆಯ ರೂಪದಲ್ಲಿ ಗೊತ್ತಾಗುತ್ತದೆ.

ಆಕ್ಷೇಪಗಳು

ಕಾಗದ ನಿಖರವಲ್ಲ ಎಂಬುದು ಮೊದಲ ಆಕ್ಷೇಪ. ಇದರಲ್ಲಿ ಸತ್ಯಾಂಶವಿದೆ. 0.2 ಮಿ.ಮೀ. ಕಾಗದ 1:33ರಲ್ಲಿ 6.6 ಮಿ.ಮೀ. ದಪ್ಪದ ತಗಡಿಗೆ ಸಮ. ವಿಮಾನದ ಚರ್ಮ ಅದಕ್ಕಿಂತ ಎಷ್ಟೋ ತೆಳು. ರೆಕ್ಕೆಯ ಹಿಂಬದಿಯಲ್ಲಿ ಎರಡು ಹಾಳೆಗಳು ಸೇರುವ ಅಂಚು 13 ಮಿ.ಮೀ. ದಪ್ಪದ್ದಾಗುತ್ತದೆ. ಆದರೆ ಪ್ಲಾಸ್ಟಿಕ್ ಅಚ್ಚಿನ ಗೋಡೆ ಕಾಗದಕ್ಕಿಂತ ಹಲವು ಪಟ್ಟು ದಪ್ಪ ಎಂಬುದನ್ನು ಈ ಆಕ್ಷೇಪ ಮರೆಯುತ್ತದೆ. ಚಕ್ರದ ಗೂಡಿನ ಬಾಗಿಲು, ತೋಪಿನ ಕಿಂಡಿ, ಎಂಜಿನ್ ಕವಚದ ಹಿಂಬದಿಯ ತೆರೆಯುವ ರೆಪ್ಪೆಗಳು ಇಂಥ ತೆಳು ಅಂಚುಗಳಲ್ಲಿ ಗೆಲ್ಲುವುದು ಕಾಗದವೇ; ದುಂಡುತನದಲ್ಲಿ ಗೆಲ್ಲುವುದು ಪ್ಲಾಸ್ಟಿಕ್. ಕಾಗದದ ತಪ್ಪು ಎಷ್ಟು ಎಂಬುದನ್ನು ಮೊದಲೇ ಲೆಕ್ಕ ಹಾಕಬಹುದು, ತುಂಡುಗಳನ್ನು ಹೆಚ್ಚಿಸಿ ಅದನ್ನು ತಗ್ಗಿಸಲೂಬಹುದು. ಅಳೆಯಬಹುದಾದ ತಪ್ಪನ್ನು ಅಂದಾಜು ಎನ್ನಬೇಕೇ ಹೊರತು ಅನಿಖರತೆ ಎನ್ನಲಾಗದು.

ಎಲ್ಲ ವಿಮಾನಗಳನ್ನೂ ಲೋಹದ ಹಾಳೆಯಿಂದ ಕಟ್ಟಿರಲಿಲ್ಲ ಎಂಬುದು ಇನ್ನೂ ಗಟ್ಟಿಯಾದ ಆಕ್ಷೇಪ. 1940ರ ನವೆಂಬರಿನಲ್ಲಿ ಮೊದಲು ಹಾರಿದ, ಮುಂದೆ ರಾತ್ರಿ ಫೈಟರ್ ಆಗಿ ಬ್ಯೂಫೈಟರಿನ ಜಾಗಕ್ಕೆ ಬಂದ ಡಿ ಹ್ಯಾವಿಲೆಂಡ್ ಮಾಸ್ಕಿಟೊ ಮರದ ವಿಮಾನ. ಅದರ ಒಡಲನ್ನು ಎಡ, ಬಲ ಎಂದು ಎರಡು ಚಿಪ್ಪುಗಳಾಗಿ ಅಚ್ಚಿನ ಮೇಲೆ ಮಾಡಿ, ಒಳಗಿನ ತಂತಿ, ಕೊಳವೆಗಳನ್ನು ಬಹಳಷ್ಟು ಕೂರಿಸಿ, ಆಮೇಲೆ ಜೋಡಿಸುತ್ತಿದ್ದರು. ಇದು ಪ್ಲಾಸ್ಟಿಕ್ ಕಿಟ್ಟಿನ ಕ್ರಮವೇ. ಮಾಸ್ಕಿಟೊ ಮಟ್ಟಿಗೆ ತಯಾರಿಕೆಯ ಕ್ರಮವನ್ನು ಅನುಕರಿಸುವ ಗೌರವ ಪ್ಲಾಸ್ಟಿಕ್ಕಿಗೆ ಸಲ್ಲಬೇಕು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೂ ಆ ಚಿಪ್ಪು ಬಾಲ್ಸಾ ಮರದ ಎರಡು ಬದಿಗೆ ಬರ್ಚ್ ಮರದ ತೆಳು ಪದರಗಳನ್ನು ಅಂಟಿಸಿ ಮಾಡಿದ್ದು. ಆ ಪದರಗಳೂ ಹಾಳೆಗಳೇ ಆದ್ದರಿಂದ ಎರಡು ದಿಕ್ಕಿಗೆ ಬಾಗುವ ಕಡೆ ಅವನ್ನೂ ಪಟ್ಟಿಗಳಾಗಿ ಸೀಳಬೇಕಾಗುತ್ತಿತ್ತು. ಗೌಸನ ನಿಯಮ ಮರಕ್ಕೂ ರಿಯಾಯಿತಿ ಕೊಡಲಿಲ್ಲ. ಅಂಟಿನ ಮಹತ್ವವನ್ನೂ ಈ ವಿಮಾನ ತೋರಿಸಿತು: 1944ರಲ್ಲಿ ಭಾರತ ಮತ್ತು ಬರ್ಮಾದ ಕಡೆಯಿದ್ದ ಮಾಸ್ಕಿಟೊಗಳ ರೆಕ್ಕೆಯ ಅಂಟು ಸಂಧಿಗಳು ಬಿಟ್ಟುಕೊಂಡು ಅಪಘಾತಗಳಾದಾಗ ಅವುಗಳ ಹಾರಾಟವನ್ನು ಕೆಲಕಾಲ ನಿಲ್ಲಿಸಿ ತನಿಖೆ ನಡೆಸಬೇಕಾಯಿತು.

ಕಂಪ್ಯೂಟರ್ ಬಂದ ಮೇಲೆ ಮೇಲ್ಮೈ ಬಿಡಿಸುವ ಕೆಲಸ ಯಂತ್ರದ್ದಾಯಿತು, ಹಾಗಾಗಿ ಈ ಕಲೆಯಲ್ಲಿ ಬುದ್ಧಿಗೆ ಕೆಲಸವಿಲ್ಲ ಎನ್ನುವವರೂ ಇದ್ದಾರೆ. ಜಪಾನಿನ ಪೆಪಾಕುರಾ ಎಂಬಂಥ ತಂತ್ರಾಂಶಗಳು ಮೂರು ಆಯಾಮದ ಆಕೃತಿಯನ್ನು ಚಪ್ಪಟೆ ತುಂಡುಗಳಾಗಿ ಬಿಡಿಸುತ್ತವೆ ಎಂಬುದು ನಿಜ. ಆದರೆ ಎಲ್ಲಿ ಸೀಳಬೇಕು, ಎಷ್ಟು ಉಂಗುರ ಬೇಕು, ಯಾವ ಸಂಧಿ ರಿವೆಟ್ ಗೆರೆಯ ಮೇಲೆ ಬರಬೇಕು, ಯಾವ ಬಿಲ್ಲೆಗೆ ಎಷ್ಟು ಅಂಚು ಬಿಡಬೇಕು ಎಂಬ ತೀರ್ಮಾನಗಳನ್ನು ತಂತ್ರಾಂಶ ತೆಗೆದುಕೊಳ್ಳುವುದಿಲ್ಲ. ಅದರ ಪಾಡಿಗೆ ಬಿಟ್ಟರೆ ಸಿಗುವುದು ಕಟ್ಟಲಾಗದ ನೂರಾರು ಸಣ್ಣ ತ್ರಿಕೋನಗಳ ರಾಶಿ. ಯಂತ್ರ ಲೆಕ್ಕವನ್ನು ಹಗುರ ಮಾಡಿದೆ, ವಿವೇಚನೆಯನ್ನು ಅಲ್ಲ.

ಕೊಲ್ಲುವ ಯಂತ್ರವನ್ನು ಮುದ್ದಾದ ವಸ್ತುವಾಗಿ ಮಾಡಿ ಮೇಜಿನ ಮೇಲಿಡುವುದು ಯುದ್ಧವನ್ನು ಹಗುರಾಗಿ ಕಂಡಂತೆ ಎಂಬ ನೈತಿಕ ಆಕ್ಷೇಪಕ್ಕೆ ತಾಂತ್ರಿಕ ಉತ್ತರ ಸಾಲದು. ಯಾವ ಮಾದರಿಯೂ ಬೆಂಕಿಯನ್ನಾಗಲಿ ಸಾವನ್ನಾಗಲಿ ತೋರಿಸುವುದಿಲ್ಲ. ಬಣ್ಣ ಮತ್ತು ಲಾಂಛನಗಳಲ್ಲೇ ಮೈಮರೆಯುವ ಮಾದರಿಕಾರರೂ ಇದ್ದಾರೆ. ಆದರೆ ಹೊರರೂಪದಲ್ಲಿ ನಿಲ್ಲುವ ಮಾದರಿಗೂ ಒಳರಚನೆಗೆ ಇಳಿಯುವ ಮಾದರಿಗೂ ಇಲ್ಲಿ ಭೇದವಿದೆ. ತೋಪುಗಳು ಇದ್ದದ್ದು ಎಲ್ಲಿ, ಅವನ್ನು ತುಂಬುತ್ತಿದ್ದವನು ಯಾರು, ವಿಮಾನಕ್ಕೆ ಬೆಂಕಿ ಹತ್ತಿದರೆ ಒಡಲಿನ ಅಡಿಯ ಬಾಗಿಲುಗಳಿಂದ ಇಬ್ಬರೂ ಹೊರಬೀಳಬೇಕಾದದ್ದು ಹೇಗೆ ಎಂಬುದನ್ನು ಕತ್ತರಿಸಿ ಅಂಟಿಸಿ ತಿಳಿದವರಿಗೆ ಆ ಯಂತ್ರ ಬರೀ ಅಂದದ ವಸ್ತುವಾಗಿ ಉಳಿಯುವುದು ಕಷ್ಟ. ಮಾದರಿಯ ಜೊತೆಗೆ ಅದರ ಚರಿತ್ರೆಯನ್ನೂ ಮುದ್ರಿಸುವ ಪತ್ರಿಕೆಗಳ ಹಳೆಯ ಪದ್ಧತಿ ಈ ಕಾರಣಕ್ಕೆ ಉಳಿಯಬೇಕಾದದ್ದು.

ಮೌಲ್ಯ

ಪ್ಲಾಸ್ಟಿಕ್ ಕಿಟ್ಟಿಗೆ ಉಕ್ಕಿನ ಅಚ್ಚು ಬೇಕು. ಅಚ್ಚಿನ ಖರ್ಚು ಹುಟ್ಟಬೇಕಾದರೆ ಸಾವಿರಾರು ಜನ ಕೊಳ್ಳುವ ಪ್ರಸಿದ್ಧ ವಿಮಾನವೇ ಆಗಬೇಕು. ಕಾಗದದ ಮಾದರಿಗೆ ಬೇಕಾದದ್ದು ಸರಿಯಾದ ನಕ್ಷೆ ಮತ್ತು ಮುದ್ರಣ. ಹಾಗಾಗಿ ಮಾರುಕಟ್ಟೆ ಮರೆತ ವಿಮಾನಗಳೂ ಇಲ್ಲಿ ಜಾಗ ಪಡೆಯಬಲ್ಲವು. ಕರ್ನಾಟಕಕ್ಕೂ ಇದು ಹತ್ತಿರದ ಮಾತು. 1940ರ ಡಿಸೆಂಬರಿನಲ್ಲಿ ವಾಲ್‌ಚಂದ್ ಹೀರಾಚಂದ್ ಅವರ ಮುಂದಾಳತ್ವ ಮತ್ತು ಮೈಸೂರು ಸರ್ಕಾರದ ಬೆಂಬಲದಿಂದ ಬೆಂಗಳೂರಿನಲ್ಲಿ ಆರಂಭವಾದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಯುದ್ಧಕಾಲದಲ್ಲಿ ಮಿತ್ರಪಡೆಗಳ ವಿಮಾನಗಳ ದುರಸ್ತಿ ಮಾಡುತ್ತ ಇದೇ ತಗಡು, ಚೌಕಟ್ಟು, ರಿವೆಟ್ಟುಗಳ ವಿದ್ಯೆಯನ್ನು ಇಲ್ಲಿನ ಕೆಲಸಗಾರರ ಕೈಗೆ ತಂದಿತು. ಅಲ್ಲಿಯೇ ವಿಷ್ಣು ಮಾಧವ ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು. ಇಂಥ ವಿಮಾನಗಳ ನಕ್ಷೆಗಳನ್ನು ಹಾಳೆಗಿಳಿಸುವುದಕ್ಕೆ ದೊಡ್ಡ ಬಂಡವಾಳವೇನೂ ಬೇಕಾಗಿಲ್ಲ. ಎಂಜಿನಿಯರಿಂಗ್ ಡ್ರಾಯಿಂಗ್ ಕಲಿತ ವಿದ್ಯಾರ್ಥಿಗಳ ಒಂದು ಗುಂಪು ಸಾಕು.

ಒಟ್ಟಿನಲ್ಲಿ ಕಾಗದದ ಮಾದರಿಯ ಬೆಲೆಯನ್ನು ಅದು ನಿಜವಾದ ವಿಮಾನದಂತೆ ಎಷ್ಟು ಕಾಣುತ್ತದೆ ಎಂಬುದರಿಂದ ಮಾತ್ರ ಅಳೆಯುವುದು ಸರಿಯಲ್ಲ. ಆ ಅಳತೆಯಲ್ಲಿ ಪ್ಲಾಸ್ಟಿಕ್ಕೂ ಮೂರು ಆಯಾಮದ ಮುದ್ರಣವೂ ಅದನ್ನು ಕೆಲವೆಡೆ ಹಿಂದಿಕ್ಕುತ್ತವೆ. ವಿಮಾನವನ್ನು ಹೀಗೇಕೆ ಕಟ್ಟಿದರು ಎಂಬ ಪ್ರಶ್ನೆಗೆ ಕಟ್ಟುವವನ ಕೈಯಿಂದಲೇ ಉತ್ತರ ಹೊರಡಿಸುವ ಶಕ್ತಿ ಈ ಮೂರರಲ್ಲಿ ಹೆಚ್ಚಾಗಿರುವುದು ಕಾಗದಕ್ಕೆ. ಹೊಸದಾಗಿ ಆರಂಭಿಸುವವರು ಬ್ಯೂಫೈಟರಿನಂಥ ಎರಡು ಎಂಜಿನ್ನಿನ ವಿಮಾನಕ್ಕೆ ನೇರವಾಗಿ ಕೈಹಾಕದೆ, ಪೆಟ್ಟಿಗೆಯಾಕಾರದ ಒಡಲಿನ, ಒಂದೇ ಎಂಜಿನ್ನಿನ ಸರಳ ತರಬೇತಿ ವಿಮಾನವೊಂದರಿಂದ ಮೊದಲು ಮಾಡುವುದು ಒಳ್ಳೆಯದು.